ಕನ್ನಡಕ ಬಿಡಿಸ್ತೀವಿ ಅನ್ನೋ ಕ್ಯಾಂಪಿನಲ್ಲಿ ಅಡ್ವಾನ್ಸ್ ಕಟ್ಟಬೇಡಿ

ಹಾಸನ, ಸಕಲೇಶಪುರದ ಕಡೆಯವರು ಯಾರಾದರೂ ಲೇಸರ್ ಮಾಡಿಸಿ ಕನ್ನಡಕ ಬಿಡಬೇಕು ಅಂದುಕೊಂಡಿದ್ದರೆ ಇದನ್ನ ಪೂರ್ತಿ ಓದಿ. ಮೊದಲು ಪರೀಕ್ಷೆ ಆಗಲಿ, ದುಡ್ಡಿನ ಮಾತು ಆಮೇಲೆ. ನನ್ನ ವಿಷಯದಲ್ಲಿ ಉಲ್ಟಾ ನಡೆಯಿತು.

ನನ್ನ ಪವರ್ ಮೈನಸ್ ಐದೂವರೆ. ಕೆಲಸಕ್ಕೆ ಸೇರಿದ ಮೇಲೆ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದೆ. ಬೆಂಗಳೂರಿನ ಒಂದು ಲೇಸರ್ ಸೆಂಟರ್‌ನವರು ಹಾಸನದ ಕಲ್ಯಾಣ ಮಂಟಪವೊಂದರಲ್ಲಿ ಉಚಿತ ತಪಾಸಣೆ ಇಟ್ಟಿದ್ದರು. ಅಲ್ಲಿ ಕಣ್ಣು ನೋಡಿದ್ದು ಸ್ವಲ್ಪ ಹೊತ್ತು, ಪ್ಯಾಕೇಜ್ ವಿವರಿಸಿದ್ದೇ ಜಾಸ್ತಿ. "ಇವತ್ತೇ ಬುಕ್ ಮಾಡಿದ್ರೆ ರಿಯಾಯಿತಿ ಮೇಡಂ, ಹತ್ತು ನಿಮಿಷದ ಕೆಲಸ, ಮಾರನೇ ದಿನ ಆರಾಮಾಗಿ ಟಿವಿ ನೋಡಬಹುದು" ಅಂದರು. ಆಮೇಲೆ ಬೆಂಗಳೂರಿಗೆ ಹೋದಾಗ ಅಲ್ಲೇ ಲೆನ್ಸ್ ತೆಗೆಸಿ, ಅದೇ ಮಧ್ಯಾಹ್ನ ಅಳತೆ ತೆಗೆದುಕೊಂಡು, ಮರುದಿನ ಆಪರೇಷನ್ ಮಾಡಿ ಕಳಿಸಿದರು.

ಲೆನ್ಸ್ ಹಾಕುವವರು ಇದನ್ನ ಗಮನಿಸಿ. ಲೆನ್ಸ್ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪಾರದರ್ಶಕ ಭಾಗದ ಮೇಲೆ ಕೂತು ಕೂತು ಅದರ ಆಕಾರವನ್ನೇ ಸ್ವಲ್ಪ ಬದಲಾಯಿಸಿರುತ್ತದೆ. ಮೆತ್ತನೆಯ ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಇನ್ನೂ ಜಾಸ್ತಿ ದಿನ ಬಿಟ್ಟು ಆಮೇಲೆ ಅಳತೆ ತೆಗೆಯಬೇಕು. ಇದನ್ನ ನನಗೆ ಹೇಳಿದ್ದು ಆಪರೇಷನ್ ಆದಮೇಲೆ ನೋಡಿದ ಬೇರೆ ಡಾಕ್ಟರು. ಕಣ್ಣೀರಿನ ಪರೀಕ್ಷೆಯೂ ನನಗೆ ಆಗಿರಲಿಲ್ಲ. ಕೆಳರೆಪ್ಪೆಯ ಒಳಗೆ ಒಂದು ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಗುತ್ತದೆ ಅಂತ ನೋಡುತ್ತಾರೆ, ಅಷ್ಟೇ. ಆ ಡಾಕ್ಟರು ಮಾಡಿದಾಗ ನನ್ನ ಪಟ್ಟಿ ತುದಿಯಲ್ಲಿ ಮಾತ್ರ ಒದ್ದೆಯಾಗಿತ್ತು.

ಲಾಸಿಕ್ ಅನ್ನೋ ಈ ಲೇಸರ್ ಆಪರೇಷನ್‌ನಲ್ಲಿ ಕಾರ್ನಿಯಾದ ಮೇಲಿನ ತೆಳು ಪದರವನ್ನ ಕತ್ತರಿಸಿ ಮಡಚಿ, ಒಳಗೆ ಲೇಸರ್ ಬಿಟ್ಟು, ಮತ್ತೆ ಪದರ ಮುಚ್ಚುತ್ತಾರೆ. ಹಾಗೆ ಕತ್ತರಿಸುವಾಗ ಕಣ್ಣೀರಿಗೆ ಸೂಚನೆ ಕೊಡುವ ಸಣ್ಣ ನರಗಳೂ ತುಂಡಾಗುತ್ತವೆ. ಬಹಳ ಜನರಿಗೆ ಆರು ತಿಂಗಳು, ವರ್ಷದಲ್ಲಿ ಸರಿಹೋಗುತ್ತದೆ. ಮೊದಲೇ ಕಣ್ಣು ಒಣಗಿದ್ದವರಿಗೆ ಕಷ್ಟ ಜಾಸ್ತಿ. ನನಗೆ ಬೆಳಿಗ್ಗೆ ಎದ್ದಾಗ ರೆಪ್ಪೆ ಅಂಟಿಕೊಂಡಿರುತ್ತದೆ, ಸುಮ್ನೆ ಕಣ್ಣು ತೆರೆದರೆ ಕೀಳುವ ಹಾಗೆ ಉರಿ, ಅದಕ್ಕೇ ಮೊದಲು ಡ್ರಾಪ್ಸ್ ಬಿಟ್ಟುಕೊಂಡು ಆಮೇಲೆ ನಿಧಾನಕ್ಕೆ ತೆರೆಯುತ್ತೇನೆ. ರಾತ್ರಿ ಸಕಲೇಶಪುರದಿಂದ ಹಾಸನಕ್ಕೆ ಕಾರು ಓಡಿಸುವುದನ್ನ ಬಿಟ್ಟೇಬಿಟ್ಟಿದ್ದೇನೆ. ಘಾಟಿ ಕಡೆ ಹೋಗುವ ಟ್ಯಾಂಕರ್‌ಗಳ ಹೆಡ್‌ಲೈಟ್ ಒಡೆದು ದೊಡ್ಡ ಬಳೆಯ ಥರ ಹರಡಿಕೊಳ್ಳುತ್ತದೆ, ರಸ್ತೆ ಅಂಚು ಎಲ್ಲಿ ಅಂತ ಕಾಣುವುದಿಲ್ಲ. ಸೆಂಟರ್‌ಗೆ ಫೋನ್ ಮಾಡಿದರೆ "ಚಾರ್ಟ್ ಓದ್ತೀರಲ್ಲ ಮೇಡಂ, ಸಿಕ್ಸ್ ಬೈ ಸಿಕ್ಸ್ ಬಂದಿದೆ" ಅನ್ನುತ್ತಾರೆ. ಚಾರ್ಟ್ ಓದಬಲ್ಲೆ, ನಿಜ. ಉರಿಯೋದು ಚಾರ್ಟ್‌ನಲ್ಲಿ ಕಾಣಲ್ಲ ಅಲ್ವಾ?

ನನ್ನದು ಹೋಗಲಿ. ಚಿಕ್ಕಮ್ಮನ ಮಗನಿಗೂ ಅದೇ ಕ್ಯಾಂಪಿನಲ್ಲಿ "ಫಿಟ್" ಅಂತ ಬರೆದುಕೊಟ್ಟು ಅಡ್ವಾನ್ಸ್ ತೆಗೆದುಕೊಂಡಿದ್ದರು. ನನ್ನ ಅವಸ್ಥೆ ನೋಡಿ ಚಿಕ್ಕಮ್ಮ ಹೆದರಿ ಅವನನ್ನ ಬೇರೆ ಕಡೆ ಕರೆದುಕೊಂಡು ಹೋದರು. ಅಲ್ಲಿ ಟೋಪೋಗ್ರಫಿ ಮಾಡಿದರು, ಅಂದರೆ ಕಾರ್ನಿಯಾದ ಬಣ್ಣದ ನಕ್ಷೆ. ಬಲಗಣ್ಣಿನ ನಕ್ಷೆಯಲ್ಲಿ ಕೆಳಭಾಗ ಕೆಂಪಗಿತ್ತು. ಡಾಕ್ಟರು ಪೆನ್ನಿನ ತುದಿಯಿಂದ ಅದನ್ನೇ ತೋರಿಸಿ, ಕೆರಟೋಕೋನಸ್ ಶುರುವಾಗಿದೆ, ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುತ್ತಿದೆ, ಇದರ ಮೇಲೆ ಲಾಸಿಕ್ ಮಾಡಿದರೆ ಇನ್ನೂ ಉಬ್ಬಿ ದೃಷ್ಟಿಯೇ ಕೆಡುತ್ತದೆ ಅಂದರು. ಈಗ ಕ್ರಾಸ್‌ಲಿಂಕಿಂಗ್ ಮಾಡಬೇಕಂತೆ. ವಿಟಮಿನ್ ಬಿ2 ಡ್ರಾಪ್ಸ್ ಹಾಕಿ ಅಲ್ಟ್ರಾವಯಲೆಟ್ ಬೆಳಕು ಬಿಟ್ಟು ಉಬ್ಬೋದನ್ನ ತಡೆಯುವ ಚಿಕಿತ್ಸೆ. ಕಣ್ಣು ಉಜ್ಜಬೇಡ ಅಂತ ಗಟ್ಟಿಯಾಗಿ ಹೇಳಿ ಕಳಿಸಿದರು, ಅವನಿಗೆ ಚಿಕ್ಕಂದಿನಿಂದ ಅದೇ ಅಭ್ಯಾಸ.

ಲೇಸರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸರಿಯಾಗಿ ಪರೀಕ್ಷೆ ಮಾಡಿಸಿಕೊಂಡು ಖುಷಿಯಾಗಿರುವವರು ಬಹಳ ಜನ ಇದ್ದಾರೆ. ಆದರೆ ಎಲ್ಲ ಕಣ್ಣಿಗೂ ಆಗಲ್ಲ, ಅದಕ್ಕೊಂದು ಲೆಕ್ಕ ಇದೆ. ಕಾರ್ನಿಯಾದ ದಪ್ಪ ಸರಾಸರಿ 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಮೇಲಿನ ಪದರಕ್ಕೆ ನೂರು, ನೂರಿಪ್ಪತ್ತು ಹೋಗುತ್ತದೆ. ಒಂದೊಂದು ಪವರ್‌ಗೆ ಹೆಚ್ಚುಕಡಿಮೆ 15 ಮೈಕ್ರಾನ್ ಕೆರೆಯುತ್ತಾರೆ. ಇಷ್ಟೆಲ್ಲ ಆಗಿ ತಳದಲ್ಲಿ ಕನಿಷ್ಠ 250 ಉಳಿಯಲೇಬೇಕು, 300 ಇರಲಿ ಅನ್ನುವ ಡಾಕ್ಟರೇ ಜಾಸ್ತಿ. ನಿಮ್ಮ ರಿಪೋರ್ಟಿನಲ್ಲಿ ದಪ್ಪ ಎಷ್ಟಿದೆ ಅಂತ ಕೇಳಿ, ನೀವೇ ಕಳೆದು ನೋಡಿ. ಹೇಳೋಕೆ ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಪವರ್ ಒಂದು ವರ್ಷವಾದರೂ ಬದಲಾಗದೆ ನಿಂತಿರಬೇಕು, ಬಸುರಿಯರು, ಹಾಲುಣಿಸುವವರು ಕಾಯಬೇಕು. ನಮ್ಮ ಆಫೀಸಿನ 43 ವರ್ಷದ ಅಕ್ಕ ಒಬ್ಬರಿಗೆ "ಜೀವನಪರ್ಯಂತ ಕನ್ನಡಕ ಬೇಡ" ಅಂದಿದ್ದರಂತೆ, ಇದಂತೂ ಶುದ್ಧ ಸುಳ್ಳು. ನಲವತ್ತರ ನಂತರ ಕಣ್ಣೊಳಗಿನ ಮಸೂರ ಗಟ್ಟಿಯಾಗಿ ಓದೋಕೆ ಕನ್ನಡಕ ಬೇಕಾಗುತ್ತದೆ, ಕಾರ್ನಿಯಾಕ್ಕೆ ಮಾಡುವ ಲೇಸರ್ ಅದನ್ನ ತಡೆಯಲ್ಲ.

ಟೋಪೋಗ್ರಫಿ ರಿಪೋರ್ಟಿನ ಪ್ರತಿ ಕೇಳಿ ಇಸ್ಕೊಳ್ಳಿ. ಆಪರೇಷನ್ ಮಾಡುವವರಲ್ಲದ ಇನ್ನೊಬ್ಬ ಕಣ್ಣಿನ ಡಾಕ್ಟರಿಗೆ ಅದನ್ನ ತೋರಿಸಿ, ಬೆಂಗಳೂರಿಗೆ ಹೋಗುವುದಿದ್ದರೆ ಸರ್ಕಾರಿ ಮಿಂಟೋ ಆಸ್ಪತ್ರೆ ಇದೆ. ತಮ್ಮನ ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ, ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ "ಹಣ ಮರಳಿಸಲಾಗುವುದಿಲ್ಲ" ಅಂತ ಇದೆಯಂತೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಬರೆಯುತ್ತಿದ್ದೇವೆ. ಹೀಗೇ ಸಿಕ್ಕಿಕೊಂಡವರು ಇದ್ದರೆ ರಸೀದಿ, ರಿಪೋರ್ಟ್ ಯಾವುದನ್ನೂ ಎಸೆಯಬೇಡಿ.