ಲ್ಯಾಂಬ್ಡಾ ಪ್ರೊ ಮತ್ತು ಎಸ್‌ಆರ್‌ಎಂ-1: ಪೊರೆ ಗಟ್ಟಿಯಿದ್ದರೆ ಮಿಕ್ಕಿದ್ದೆಲ್ಲ ರಿಪೇರಿ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಇಷ್ಟು ತಿಳಿಯಾದ ಸದ್ದು ಕೊಡುವ ಹಳೆಯ ಹೆಡ್‌ಫೋನ್ ನಾನು ಬೇರೆ ಕೇಳಿಲ್ಲ. ಇಷ್ಟು ಚಾಕರಿ ಮಾಡಿಸಿಕೊಳ್ಳುವ ಹೆಡ್‌ಫೋನನ್ನೂ ಕಂಡಿಲ್ಲ. ಜಪಾನಿನ ಸ್ಟ್ಯಾಕ್ಸ್ ಕಂಪನಿಯ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್ ಎಸ್‌ಆರ್-ಲ್ಯಾಂಬ್ಡಾ ಪ್ರೊ, ಅದನ್ನು ನಡೆಸುವ ಎಸ್‌ಆರ್‌ಎಂ-1 ಮಾರ್ಕ್ 2 ಆಂಪ್ಲಿಫೈಯರ್, ಈ ಜೋಡಿಯನ್ನು ವರ್ಷಗಟ್ಟಲೆ ಬಳಸಿದ್ದೇನೆ. ಅದರ ಬೆನ್ನಿಗೇ ಅದೇ ಕಂಪನಿಯ ಇನ್ನೂ ಹಳೆಯ ಹೆಡ್‌ಫೋನ್ ಎಸ್‌ಆರ್-5, ಅದನ್ನು ಸ್ಪೀಕರ್ ಆಂಪ್ಲಿಫೈಯರಿಗೆ ತಗುಲಿಸುವ ಎಸ್‌ಆರ್‌ಡಿ-7 ಪೆಟ್ಟಿಗೆ, ಕಾಸ್ ಕಂಪನಿಯ ಇಎಸ್‌ಪಿ-950 ಹೆಡ್‌ಫೋನ್ ಕೂಡ ಬಂದು ಸೇರಿಕೊಂಡವು. ಈ ಚಟ ಒಂದರಲ್ಲಿ ನಿಲ್ಲುವುದಿಲ್ಲ, ಅದು ಗೊತ್ತಿದ್ದೇ ಶುರುಮಾಡುವುದು ಒಳ್ಳೆಯದು.

ಲ್ಯಾಂಬ್ಡಾ ಸರಣಿ ಶುರುವಾದದ್ದು 1979ರಲ್ಲಿ. ಪ್ರೊ ಬಂದದ್ದು 1982ರಲ್ಲಿ. ಅಂದರೆ ಇವತ್ತು ಕೈಗೆ ಸಿಗುವ ಯಾವ ಲ್ಯಾಂಬ್ಡಾ ಪ್ರೊ ಕೂಡ ಎಳೆಯದಲ್ಲ. ಆದರೂ ಕೆಲಸ ಮಾಡುವಂಥವು ಇನ್ನೂ ಸಿಗುತ್ತಿವೆ ಎಂದರೆ ಕಾರಣ ಅದರ ರಚನೆಯಲ್ಲೇ ಇದೆ. ಒಳಗೆ ಸುರುಳಿ ಇಲ್ಲ, ಅಯಸ್ಕಾಂತ ಇಲ್ಲ. ರಂಧ್ರಗಳಿರುವ ಎರಡು ಸ್ಟೇಟರ್ ಫಲಕಗಳ ನಡುವೆ ಒಂದೆರಡು ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರೆಯೊಂದನ್ನು ಬಿಗಿದಿರುತ್ತಾರೆ. ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ ಎಂದರೆ ಪೊರೆ ಎಷ್ಟು ತೆಳು ಎಂದು ಊಹಿಸಬಹುದು. ಪೊರೆಯ ಮೇಲೆ ವಿದ್ಯುತ್ತನ್ನು ಬಹಳ ನಿಧಾನವಾಗಿ ಹರಿಯಬಿಡುವ ಒಂದು ಲೇಪ. ಆ ಲೇಪಕ್ಕೆ ಸ್ಥಿರವಾದ ಹೆಚ್ಚು ವೋಲ್ಟೇಜ್ ಕೊಟ್ಟು ಚಾರ್ಜ್ ತುಂಬಿಸಿಡುತ್ತಾರೆ, ಅದನ್ನೇ ಬಯಾಸ್ ಅನ್ನುವುದು. ಸಂಗೀತದ ಸಿಗ್ನಲ್ ಎರಡು ಸ್ಟೇಟರ್‌ಗಳಿಗೆ ಒಂದಕ್ಕೊಂದು ವಿರುದ್ಧವಾಗಿ ಹೋಗುತ್ತದೆ, ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಸವೆಯುವ ಭಾಗ ಅಂತ ಯಾವುದೂ ಇಲ್ಲ. ಕೆಡುವುದು ಬೇರೆ ರೀತಿಯಲ್ಲಿ.

ಸದ್ದಿನ ವಿಷಯ. ತಂತಿಯನ್ನು ಮೀಟುವ ಕ್ಷಣದಲ್ಲಿ ಬೆರಳು ತಂತಿಯಿಂದ ಬಿಡಿಸಿಕೊಳ್ಳುವ ಸಣ್ಣ ಶಬ್ದ, ಹಾಡುವವರು ಪಲುಕು ಎತ್ತುವ ಮುಂಚಿನ ಉಸಿರು, ತಾಳವಾದ್ಯದ ಮೇಲೆ ಅಂಗೈ ಬಿದ್ದು ಚರ್ಮ ಅದುರಿ ನಿಲ್ಲುವ ಕೊನೆ, ಇವೆಲ್ಲ ಬೇರೆಬೇರೆಯಾಗಿ ಕೇಳುತ್ತವೆ. ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ ಆಗುವುದಿಲ್ಲ. ಮಂದ್ರ ಇದೆ, ಬಿಗಿಯಾಗಿಯೂ ಇದೆ, ಆದರೆ ಎದೆಗೆ ಗುದ್ದುವುದಿಲ್ಲ. ಗುದ್ದು ಬೇಕಾದವರು ಇದನ್ನು ಕೊಳ್ಳಬೇಡಿ, ಮುನಿಸಿಕೊಳ್ಳುತ್ತೀರಿ. ಮಧ್ಯದಿಂದ ಮೇಲಿನ ಸ್ವರಗಳು ಸ್ವಲ್ಪ ಮುಂದೆ ಬಂದು ನಿಲ್ಲುತ್ತವೆ. ಕೆಟ್ಟದಾಗಿ ಮುದ್ರಿಸಿದ ಹಾಡಿನಲ್ಲಿ ಸಕಾರ ಷಕಾರಗಳು ಚುಚ್ಚುತ್ತವೆ. ಮೊದಮೊದಲು ಇದು ವಿವರದ ಹೆಚ್ಚಳ ಅನ್ನಿಸುತ್ತಿತ್ತು. ಹಲವು ವರ್ಷ ಕೇಳಿದ ಮೇಲೆ ಇದು ಲ್ಯಾಂಬ್ಡಾದ ಸ್ವಭಾವ, ಧ್ವನಿಮುದ್ರಣದ ಗುಣ ಅಲ್ಲ ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ಅದೇ ಹಾಡನ್ನು ಎಸ್‌ಆರ್-5ರಲ್ಲಿ ಕೇಳಿದರೆ ವಿವರ ಕಡಿಮೆ, ಆದರೆ ಸಂಜೆಯಿಡೀ ಕೇಳಬಹುದು.

ತೂಕ ಕಡಿಮೆ, ತಲೆಗೆ ಭಾರ ಅನ್ನಿಸುವುದೇ ಇಲ್ಲ. ಎರಡೂ ಬದಿಗೆ ತೆರೆದ ವಿನ್ಯಾಸವಾದ್ದರಿಂದ ಪಕ್ಕದಲ್ಲಿ ಕೂತವರೂ ನಿಮ್ಮ ಸಂಗೀತ ಕೇಳಲೇಬೇಕು. ಇದರ ಬಗ್ಗೆ ಇಷ್ಟು ಸಾಕು.

ಹಳೆಯದನ್ನು ಕೊಳ್ಳುವವರಿಗೆ ಮೊದಲ ಗೊಂದಲ ಬಯಾಸ್‌ನದ್ದು. ಎಸ್‌ಆರ್-5, ಮೊದಲ ಲ್ಯಾಂಬ್ಡಾ ಮೊದಲಾದವು 230 ವೋಲ್ಟ್ ಬಯಾಸ್‌ನವು, ಪ್ಲಗ್‌ನಲ್ಲಿ ಆರು ಪಿನ್. ಪ್ರೊ 580 ವೋಲ್ಟ್‌ನದ್ದು, ಐದು ಪಿನ್. ಐದು ಪಿನ್ನಿನದು ಆರು ತೂತಿನ ಸಾಕೆಟ್‌ನಲ್ಲಿ ಕೂರುತ್ತದೆ, ಸದ್ದು ಕಡಿಮೆ ಬರುತ್ತದೆ, ಏನೂ ಹಾಳಾಗುವುದಿಲ್ಲ. ಆರು ಪಿನ್ನಿನದು ಪ್ರೊ ಸಾಕೆಟ್‌ನಲ್ಲಿ ಕೂರುವುದೇ ಇಲ್ಲ. ಕೂರದ ಹಾಗೆ ಮಾಡಿದ್ದೇ ಹಳೆಯ ಪೊರೆಗೆ 580 ವೋಲ್ಟ್ ತಗುಲಬಾರದು ಅಂತ. ಆ ಒಂದು ಪಿನ್ ಕತ್ತರಿಸಿ ಹಾಕುವ ಬುದ್ಧಿವಂತರ ಕೈಯಿಂದ ಬಂದ ಪ್ಲಗ್‌ಗಳನ್ನೂ ನೋಡಿದ್ದೇನೆ. ಅಂಥದ್ದು ಎದುರಾದರೆ ಪೊರೆಯ ಮೇಲೆ ಏನೇನು ಪ್ರಯೋಗ ನಡೆದಿದೆಯೋ ಎಂದು ದೂರ ಇರಿ.

ಬಯಾಸ್ ಅಳೆಯುವಾಗ ಇನ್ನೊಂದು ಮೋಸ. ನನ್ನ ಆಂಪ್ಲಿಫೈಯರಿನಲ್ಲಿ ಬಯಾಸ್ ಸಾಕೆಟ್‌ಗೆ ಬರುವ ಮುನ್ನ 4.7 ಮೆಗಾಓಮ್‌ನ ರೆಸಿಸ್ಟರ್ ದಾಟಿ ಬರುತ್ತದೆ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್‌ನ ಒಳರೋಧ 10 ಮೆಗಾಓಮ್. ಎರಡೂ ಸೇರಿ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಹಾಗಾಗಿ ಸರಿಯಾಗಿ 580 ಇರುವಲ್ಲಿ ಮೀಟರ್ ಸುಮಾರು 395 ತೋರಿಸುತ್ತದೆ. 230 ಇರುವಲ್ಲಿ ಸುಮಾರು 156. ಇದು ಗೊತ್ತಿಲ್ಲದವರು "ಬಯಾಸ್ ಬಿದ್ದುಹೋಗಿದೆ" ಎಂದು ಚೆನ್ನಾಗಿರುವ ಆಂಪ್ಲಿಫೈಯರನ್ನು ಬಿಚ್ಚಿ ಕೂರುತ್ತಾರೆ. ಕೆಲವರು ಇದೇ ಕಾರಣಕ್ಕೆ ಮಾರಿಯೂ ಬಿಡುತ್ತಾರೆ, ಕೊಳ್ಳುವವರ ಅದೃಷ್ಟ. ಅದೇ ರೆಸಿಸ್ಟರ್‌ನಿಂದ ಇನ್ನೊಂದು ಉಪಕಾರ: ಬಯಾಸ್ ಪಿನ್‌ನಿಂದ 0.12 ಮಿಲಿಆಂಪ್‌ಗಿಂತ ಹೆಚ್ಚು ಕರೆಂಟ್ ಬರಲಾರದು. ಪಿನ್ ಮುಟ್ಟಿದರೆ ಚುರುಕ್ ಅನ್ನುತ್ತದೆ, ಅಷ್ಟೇ. ಆಂಪ್ಲಿಫೈಯರಿನ ಒಳಗಿನ ಕತೆ ಬೇರೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ಹೆಡ್‌ಫೋನಿನ ಕಾಯಿಲೆಗಳಲ್ಲಿ ಸಾಮಾನ್ಯವಾದದ್ದು ಒಂದು ಬದಿ ಮೆಲ್ಲಗೆ ಕೇಳುವುದು. ಪೊರೆಯಲ್ಲಿ ಚಾರ್ಜ್ ಇಲ್ಲದಿದ್ದರೆ ಎರಡೂ ಸ್ಟೇಟರ್‌ಗಳು ಅದನ್ನು ಸಮನಾಗಿ ಸೆಳೆಯುತ್ತವೆ, ಪೊರೆ ಅಲುಗುವುದಿಲ್ಲ. ಅರ್ಧ ಚಾರ್ಜ್ ಇದ್ದರೆ ಅರ್ಧ ಬಲ. ಆದರೆ ಪೊರೆಯ ಮೇಲೆ ತೀರ್ಪು ಕೊಡುವ ಮುಂಚೆ ಮಿಕ್ಕ ಎಲ್ಲವನ್ನೂ ಅನುಮಾನಿಸಬೇಕು. ಆಂಪ್ಲಿಫೈಯರಿಗೆ ಬರುವ ಎಡ ಬಲ ವೈರುಗಳನ್ನು ಅದಲುಬದಲು ಮಾಡಿ. ಮಂಕು ಬದಿಯೂ ಅದಲುಬದಲಾದರೆ ದೋಷ ಹಿಂದೆ ಎಲ್ಲೋ ಇದೆ. ಬೇರೆ ಹೆಡ್‌ಫೋನ್ ಹಾಕಿ ನೋಡಿ, ಅದರಲ್ಲೂ ಅದೇ ಬದಿ ಮಂಕಾದರೆ ಆಂಪ್ಲಿಫೈಯರ್. ಕೊನೆಗೆ ಹೆಡ್‌ಫೋನನ್ನೇ ತಿರುಗಿಸಿ ಹಾಕಿಕೊಳ್ಳಿ. ಮಂಕು ಅದೇ ಕಿವಿಯಲ್ಲಿ ಉಳಿದರೆ ರಿಪೇರಿ ಆಗಬೇಕಾದ್ದು ಹೆಡ್‌ಫೋನ್ ಅಲ್ಲ, ನಿಮ್ಮನ್ನು ಕಿವಿ ವೈದ್ಯರು ನೋಡಬೇಕು. ತಮಾಷೆಗೆ ಹೇಳುತ್ತಿಲ್ಲ, ವಯಸ್ಸಾದ ಸಂಗ್ರಹಕಾರರಲ್ಲಿ ಇದು ಇದ್ದದ್ದೇ.

ಇಷ್ಟಾದ ಮೇಲೂ ದೋಷ ಹೆಡ್‌ಫೋನಿನದೇ ಅಂತ ಆದರೆ, ಪ್ಲಗ್ ಹಾಕಿ ಆಂಪ್ಲಿಫೈಯರ್ ಚಾಲೂ ಇಟ್ಟು ಕೆಲವು ಗಂಟೆ ಬಿಡಿ. ಮಂಕು ಬದಿ ನಿಧಾನವಾಗಿ ಮೇಲೆದ್ದು ಜೊತೆಯದಕ್ಕೆ ಸಮ ಬಂದರೆ ಅದು ತೇವ ಅಥವಾ ದೂಳಿನ ಕಾಟ ಇರಬಹುದು. ಗಾಳಿಯಲ್ಲಿ ತೇವ ಹೆಚ್ಚಿರುವ ದಿನಗಳಲ್ಲಿ ಚಾರ್ಜ್ ಅಂಚುಗಳಿಂದ ಸೋರುತ್ತದೆ. ಬಳಸದಿದ್ದಾಗ ತೇವ ಹೀರುವ ಸಿಲಿಕಾ ಚೀಲಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿಡುತ್ತೇನೆ, ಈ ಒಂದೇ ಅಭ್ಯಾಸದಿಂದ ಅರ್ಧಕ್ಕರ್ಧ ತೊಂದರೆ ಬಂದೇ ಇಲ್ಲ.

ಇನ್ನೊಂದು, ಸಣ್ಣಗೆ ಸಿಳ್ಳೆ ಹಾಕಿದಂಥ ಅಥವಾ ಚಟಚಟ ಅನ್ನುವ ಸದ್ದು. ಪೊರೆ ಮತ್ತು ಸ್ಟೇಟರ್‌ನ ನಡುವಿನ ಅಂತರ ಅರ್ಧ ಮಿಲಿಮೀಟರ್ ಆಸುಪಾಸು. ಅದರೊಳಗೆ ಒಂದು ಎಳೆ ನೂಲು, ಒಂದು ರೋಮ ಸಾಕು, ಚಾರ್ಜ್ ಅದನ್ನೇ ಸೇತುವೆ ಮಾಡಿಕೊಳ್ಳುತ್ತದೆ. ಹಳೆಯ ಲ್ಯಾಂಬ್ಡಾಗಳಲ್ಲಿ ಒಳಗಿನ ಫೋಮ್ ವಯಸ್ಸಾಗಿ ಪುಡಿಪುಡಿಯಾಗುತ್ತದೆ, ಮುಟ್ಟಿದರೆ ಕಪ್ಪು ಜಿಡ್ಡು. ಫೋಮ್‌ನ ಆಯಸ್ಸೇ ಅಷ್ಟು. ಆ ಪುಡಿ ಡ್ರೈವರ್, ಅಂದರೆ ಪೊರೆ ಮತ್ತು ಸ್ಟೇಟರ್‌ಗಳ ಜೋಡಣೆಯ ಮೇಲೆ ಬೀಳದಂತೆ ಕಾಯುವುದು ದೂಳುಪೊರೆ ಎಂಬ ಇನ್ನೊಂದು ತೆಳು ಪ್ಲಾಸ್ಟಿಕ್ ಹಾಳೆ. ಅದರಲ್ಲಿ ತೂತು ಬಿದ್ದರೆ ದಿನ ಎಣಿಸಲು ಶುರುಮಾಡಬೇಕು.

ನನ್ನದನ್ನು ಬಿಚ್ಚಿದ್ದು ಹೀಗೆ. ಕಿವಿಯ ಪ್ಯಾಡ್ ಎರಡೂ ಕಡೆ ಅಂಟುವ ಟೇಪಿನಲ್ಲಿ ಕೂತಿರುತ್ತದೆ, ತೆಳುವಾದ ಪ್ಲಾಸ್ಟಿಕ್ ಅಲಗಿನಿಂದ ಅಂಚಿನಲ್ಲೇ ಸುತ್ತ ಸಡಿಲಿಸಿಕೊಂಡು ಬರಬೇಕು. ಲೋಹದ ಸ್ಕ್ರೂಡ್ರೈವರಿನಿಂದ ಒಮ್ಮೆ ಜಾರಿದರೆ ದೂಳುಪೊರೆ ಹೋಯಿತು. ಒಳಗಿನ ಸ್ಕ್ರೂ ತೆಗೆದ ಮೇಲೆ ಡ್ರೈವರನ್ನು ಓರೆಯಾಗಿ ದೀಪಕ್ಕೆ ಹಿಡಿದು ನೋಡಿದರೆ ಸ್ಟೇಟರ್‌ನ ತೂತುಗಳ ಸಾಲಿನಲ್ಲಿ ಒಂದು ಕಡೆ ಹೊಳಪು ತುಂಡಾಗಿರುತ್ತದೆ, ನೂಲು ಇರುವುದು ಅಲ್ಲೇ. ಊದಬಾರದು, ಬಾಯಿಯ ತೇವ ಹೋಗುತ್ತದೆ. ಕಂಪ್ರೆಸರ್ ಗಾಳಿ ಬಿಡಲೇಬಾರದು. ರಬ್ಬರ್ ಬಲೂನಿನ ಕ್ಯಾಮೆರಾ ಬ್ಲೋಯರ್‌ನಿಂದ ದೂರದಿಂದ ಮೆತ್ತಗೆ ಊದಿದರೆ ಹಾರಿಹೋಗುತ್ತದೆ. ಹಾರದಿದ್ದರೆ ಡ್ರೈವರನ್ನೇ ಬಿಡಿಸಿ ಸ್ಟೇಟರ್‌ಗಳನ್ನು ಮಾತ್ರ ಆಲ್ಕೋಹಾಲ್‌ನಲ್ಲಿ ಒರೆಸಬೇಕು. ಪೊರೆಗೆ ಯಾವ ದ್ರವವೂ ತಾಗಕೂಡದು, ಲೇಪ ಎದ್ದುಬಂದೀತು.

ಲೇಪವೇ ಹೋಗಿದ್ದರೆ? ಹೊಸ ಪೊರೆ ಬಿಗಿದು ಆಂಟಿಸ್ಟ್ಯಾಟಿಕ್ ದ್ರವ ಹಚ್ಚಿ ಜೀವ ಕೊಟ್ಟವರಿದ್ದಾರೆ. ನಾನೂ ಹಾಗೆ ಮಾಡಿದ ಜೋಡಿಗಳನ್ನು ಕೇಳಿದ್ದೇನೆ. ಸದ್ದು ಬರುತ್ತದೆ, ಚೆನ್ನಾಗಿಯೂ ಇರಬಹುದು. ಆದರೆ ಅದು ಲ್ಯಾಂಬ್ಡಾದ ಸದ್ದಲ್ಲ. ಪೊರೆಯ ಬಿಗಿತ ಚೂರು ಬದಲಾದರೆ ಮಂದ್ರದ ಅನುರಣನೆ ಬೇರೆ ಕಡೆ ಹೋಗುತ್ತದೆ. ಬಿಗಿತ ಕಡಿಮೆಯಾದರೆ ಪೊರೆ ಒಂದು ಸ್ಟೇಟರ್‌ಗೆ ಹೋಗಿ ಅಂಟಿಕೊಳ್ಳುತ್ತದೆ. ಎಡ ಬಲ ಎರಡನ್ನೂ ಒಂದೇ ಬಿಗಿತಕ್ಕೆ ತರುವುದು ಕೈಕೆಲಸದಲ್ಲಿ ಬಹಳ ಕಷ್ಟ. ಹಾಗಾಗಿ ಕೊಳ್ಳುವಾಗ ನಾನು ನೋಡುವುದು ಒಂದನ್ನೇ: ಎರಡೂ ಬದಿ ಗಂಟೆಗಟ್ಟಲೆ ಸಮನಾಗಿ ನಿಲ್ಲುತ್ತವೆಯೇ? ಹರಿದ ಪ್ಯಾಡ್, ಬಿರುಕು ಬಿಟ್ಟ ಹೆಡ್‌ಬ್ಯಾಂಡ್, ಬಣ್ಣ ಮಾಸಿದ ಕವಚ, ಇವನ್ನೆಲ್ಲ ತೋರಿಸಿ ಬೆಲೆ ಇಳಿಸಿಕೊಳ್ಳಿ, ಇವೆಲ್ಲ ಬದಲಾಯಿಸಬಹುದಾದವು. ಫಳಫಳ ಹೊಳೆಯುವ, ಡಬ್ಬಿಯಿಂದ ಹೊರಗೇ ಬಾರದ ಹೆಡ್‌ಫೋನಿನ ಮೇಲೆ ನನಗೆ ಅನುಮಾನ ಜಾಸ್ತಿ. ಅಂಥದ್ದೊಂದನ್ನು ಮಾರಿದವರು "ಟೆಸ್ಟ್ ಮಾಡಿದ್ದೇವೆ" ಎಂದಿದ್ದರು. ಸದ್ದು ಬಂತೇ ಇಲ್ಲವೇ ಎಂಬುದಷ್ಟೇ ಅವರ ಟೆಸ್ಟ್.

ಆಂಪ್ಲಿಫೈಯರ್ ಕತೆ ಇದಕ್ಕೆ ತದ್ವಿರುದ್ಧ. ಎಸ್‌ಆರ್‌ಎಂ-1 ಮಾರ್ಕ್ 2 ಪೂರ್ತಿ ಟ್ರಾನ್ಸಿಸ್ಟರಿನದು. ಒಳಗೆ ನೂರಾರು ವೋಲ್ಟ್‌ನ ಧನ ಋಣ ಲೈನುಗಳಿವೆ, ಇವುಗಳಿಗೆ ಬಯಾಸ್‌ಗಿರುವ ಹಾಗೆ ಕಡಿವಾಣ ಇಲ್ಲ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಜೀವ ತೆಗೆಯುವಷ್ಟು ಚಾರ್ಜ್ ಹಿಡಿದಿರುತ್ತವೆ. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೇ ಕೈ ಹಾಕಿ. ಹೆಚ್ಚು ವೋಲ್ಟೇಜಿನ ಅಭ್ಯಾಸ ಇಲ್ಲದವರು ಬಲ್ಲವರಿಗೇ ಕೊಡಿ, ಇದರಲ್ಲಿ ಮಾನ ಹೋಗುವಂಥದ್ದು ಏನೂ ಇಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಒಟ್ಟಿಗೇ ಬದಲಾಯಿಸಿದೆ. 100 ವೋಲ್ಟ್ ಮಾರುಕಟ್ಟೆಗೆ ಮಾಡಿದ್ದನ್ನು ಹಾಗೇ 230ಕ್ಕೆ ಹಾಕಿದರೆ ಸುಡುತ್ತದೆ, ಮೊದಲು ಹಿಂಬದಿಯ ಲೇಬಲ್ ಓದಿ.

ಕೆಪಾಸಿಟರ್ ಹಾಕಿದ ಮೇಲೆ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಹೊಂದಿಸುವ ಕೆಲಸ. ಪ್ರತಿ ಚಾನೆಲ್‌ಗೂ ಎರಡು ಅಳತೆ: ಎರಡು ಔಟ್‌ಪುಟ್‌ಗಳ ನಡುವಿನ ವ್ಯತ್ಯಾಸ, ಮತ್ತೆ ಪ್ರತಿಯೊಂದೂ ಗ್ರೌಂಡಿನಿಂದ ಎಷ್ಟು ದೂರ ಎಂಬುದು. ಎರಡೂ ಸೊನ್ನೆಯ ಹತ್ತಿರ ಇರಬೇಕು. ಒಂದನ್ನು ತಿರುಗಿಸಿದರೆ ಇನ್ನೊಂದು ಜರುಗುತ್ತದೆ, ಅಲುಗುವ ಮೇಜಿನ ಕಾಲು ಕುಯ್ದು ಸಮ ಮಾಡಿದ ಹಾಗೆ. ಇದರಲ್ಲಿ ಅವಸರ ಮಾಡಿದರೆ ರಾತ್ರಿ ಕಳೆದುಹೋಗುತ್ತದೆ, ನಿಧಾನಿಸಿದರೆ ಬೇಗ ಮುಗಿಯುತ್ತದೆ. ಸರಿ ಹೊಂದಿದ ಮೇಲೆ ವರ್ಷಗಳಾದರೂ ಹೆಚ್ಚು ಕದಲಿಲ್ಲ. ವಾಲ್ವ್‌ನ ಸದ್ದು ಬೇಕೆಂದು ಸ್ಟ್ಯಾಕ್ಸ್‌ನದೇ ವಾಲ್ವ್ ಆಂಪ್ಲಿಫೈಯರ್ ಎಸ್‌ಆರ್‌ಎಂ-ಟಿ1 ಹುಡುಕುವವರಿದ್ದಾರೆ. ಅದರ ಔಟ್‌ಪುಟ್‌ನಲ್ಲಿರುವ 6ಸಿಜಿ7 ವಾಲ್ವ್ ಈಗಲೂ ಸಿಗುತ್ತದೆ. ನನಗೆ ಅದು ಲ್ಯಾಂಬ್ಡಾದ ಮೊನಚನ್ನು ಒಂದಿಷ್ಟು ಮೆತ್ತಗೆ ಮಾಡುತ್ತದೆ ಅನ್ನಿಸಿತು, ಅಷ್ಟಕ್ಕಾಗಿ ಬದಲಾಯಿಸಲಿಲ್ಲ.

ಸಂಗ್ರಹಕ್ಕೆ ಇಳಿಯುವವರಿಗೆ ಎರಡು ಮಾತು. 1960ರಲ್ಲಿ ಬಂದ ಮೊದಲ ಎಸ್‌ಆರ್-1, 1991ರಲ್ಲಿ ಕೇವಲ 300 ಮಾಡಿದ ಸೆನ್‌ಹೈಸರ್ ಆರ್ಫಿಯಸ್, ಇವು ಗಾಜಿನ ಬೀರುವಿನವು. ಕೇಳಲು ಬೇಕಾದವರಿಗೆ ಎಸ್‌ಆರ್‌ಡಿ-7ರಂಥ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಜೊತೆ ಎಸ್‌ಆರ್-5 ಸಾಕು. ಒಳಗೆ ಕೆಡುವುದು ಕಡಿಮೆ, ಕೆಟ್ಟರೆ ಬಯಾಸ್ ಭಾಗದ ನಾಲ್ಕಾರು ಡಯೋಡು ಕೆಪಾಸಿಟರ್‌ಗಳಷ್ಟೇ. ಎಸ್‌ಬಿ ಎಂದು ಬರೆದ ಪೆಟ್ಟಿಗೆಗಳು ಸಂಗೀತದ ಸಿಗ್ನಲ್‌ನಿಂದಲೇ ಬಯಾಸ್ ತಯಾರಿಸಿಕೊಳ್ಳುತ್ತವೆ. ಹಾಡು ಶುರುವಾದ ಸ್ವಲ್ಪ ಹೊತ್ತಿನ ಮೇಲೆ ಸದ್ದು ಏರುತ್ತಾ ಬಂದರೆ ಗಾಬರಿ ಬೇಡ. ಎಸ್‌ಆರ್-30, ಎಸ್‌ಆರ್-40 ಎಲೆಕ್ಟ್ರೆಟ್‌ಗಳು, ಚಾರ್ಜ್ ಕಾರ್ಖಾನೆಯಲ್ಲೇ ತುಂಬಿದ್ದು. ಅದು ದಶಕಗಳಲ್ಲಿ ಇಳಿಯುತ್ತದೆ, ಮರಳಿ ತುಂಬುವುದು ಮನೆಯ ಕೆಲಸವಲ್ಲ. ಅಗ್ಗವಾಗಿ ಸಿಗುವುದು ಅದಕ್ಕೇ.

ಒಂದೇ ಒಂದನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಕೊಡಬೇಕಾದರೆ ಲ್ಯಾಂಬ್ಡಾ ಪ್ರೊ ಇಟ್ಟುಕೊಳ್ಳುತ್ತೇನೆ. ಮೊದಲ ಹೆಡ್‌ಫೋನಾಗಿ ಯಾರಿಗೂ ಇದನ್ನು ಹೇಳುವುದಿಲ್ಲ. ಎರಡನೆಯದಾಗಿ ಕೊಳ್ಳುವವರು ಆಂಪ್ಲಿಫೈಯರನ್ನೂ ಅದರ ಜೊತೆಗೇ, ಒಂದೇ ಕೈಯಿಂದ ಕೊಳ್ಳಿ. ಕೊಡುವವರ ಎದುರೇ ಎರಡನ್ನೂ ಜೋಡಿಸಿ, ಎರಡೂ ಬದಿಗೆ ಒಂದೇ ಸದ್ದು ಬರುವ ಮೋನೋ ಹಾಡೊಂದನ್ನು ಹಾಕಿ, ಕುಶಲ ಮಾತಾಡುತ್ತಾ ಸಾಧ್ಯವಾದಷ್ಟು ಹೊತ್ತು ಕಳೆಯಿರಿ. ಕೊನೆಯಲ್ಲೂ ಗಾಯಕರ ದನಿ ತಲೆಯ ನಟ್ಟನಡುವೆಯೇ ಇದ್ದರೆ ಹಣ ಎಣಿಸಿ.