ಭತ್ತದ ತೂಕಕ್ಕೆ, ಬಿಲ್ಲಿಗೆ ಎಸ್‌ಕ್ಯೂಲೈಟ್ ಸಾಕಾ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಿಗೋ ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ಟುಗಳಿಗೋ ವೆಬ್ ಆಪ್ ಬರೆದುಕೊಡುವವರು ಅಭ್ಯಾಸಬಲದಿಂದ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸರ್ವರ್ ಹಾಕಿಬಿಡುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಅದರ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ, ಸರ್ವೀಸ್ ನಿಂತರೆ ಎಬ್ಬಿಸುವವರೂ ಇರುವುದಿಲ್ಲ. ಒಂದು ವೇಬ್ರಿಜ್, ಒಂದು ಆಫೀಸು, ನಾಲ್ಕೈದು ಮೊಬೈಲು ಇರುವಲ್ಲಿ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಸಾಕು. ನಿಜ ಹೇಳಬೇಕೆಂದರೆ ಅಲ್ಲಿಗೆ ಅದೇ ಸರಿ. ಆದರೆ ಇದ್ದದ್ದನ್ನು ಇದ್ದ ಹಾಗೆಯೇ ಬಳಸಿದರೆ ಸುಗ್ಗಿಯ ನಡುವೆ ಕೈ ಕೊಡುತ್ತದೆ. ಮೊದಲ ದಿನವೇ ಕೆಲವು ತಿರುಪು ಬಿಗಿಯಬೇಕು.

ರಿಚರ್ಡ್ ಹಿಪ್ 2000ದಲ್ಲಿ ಶುರು ಮಾಡಿದ ಇದಕ್ಕೆ ಲೈಸೆನ್ಸು, ಫೀಸು ಯಾವುದೂ ಇಲ್ಲ. ಬೇರೆ ಸರ್ವರ್ ಇಲ್ಲ. ಆಪ್ ಒಳಗೇ ಓಡುವ ಲೈಬ್ರರಿ, ಡೇಟಾ ಎಲ್ಲ ಒಂದೇ ಫೈಲಿನಲ್ಲಿ. ಪೈಥಾನ್ ಜೊತೆಗೇ ಬರುತ್ತದೆ, ಪಿಎಚ್‌ಪಿಯಲ್ಲಿ ಪಿಡಿಒ ಮೂಲಕ ಸಿಗುತ್ತದೆ, ಪೈಥಾನಿನ ವೆಬ್ ಚೌಕಟ್ಟಾದ ಜ್ಯಾಂಗೋದಲ್ಲಿ ಹೊಸ ಪ್ರಾಜೆಕ್ಟ್ ತೆಗೆದರೆ ಇದರಿಂದಲೇ ಆರಂಭ. ದಿನಕ್ಕೆ ಲಕ್ಷದೊಳಗೆ ಹಿಟ್ ಇರುವ ಸೈಟಿಗೆ ಆರಾಮಾಗಿ ಸಾಕು ಎಂದು ತಯಾರಕರೇ ಹೇಳುತ್ತಾರೆ. ಗಿರಣಿಯ ಬಿಲ್ಲಿಂಗ್ ಆ ಗಡಿಯ ಹತ್ತಿರಕ್ಕೂ ಹೋಗುವುದಿಲ್ಲ.

ಮೊದಲ ದೂರು ಬರುವುದು 'ಡೇಟಾಬೇಸ್ ಈಸ್ ಲಾಕ್ಡ್' ಎಂಬ ಎರರ್ ಬಗ್ಗೆ. ಎಸ್‌ಕ್ಯೂಲೈಟ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಬರೆಯಬಹುದು. ಹಳೆಯ ರೋಲ್‌ಬ್ಯಾಕ್ ಜರ್ನಲ್ ಪದ್ಧತಿಯಲ್ಲಿ ಬರೆಯುವವರು ಓದುವವರನ್ನೂ ತಡೆಯುತ್ತಾರೆ. 2010ರಲ್ಲಿ ಬಂದ ವಾಲ್ ಮೋಡ್‌ಗೆ (ಹೊಸ ಬರಹ ಮೊದಲು ಪಕ್ಕದ ಬೇರೆ ಫೈಲಿಗೆ ಹೋಗುವ ಪದ್ಧತಿ) ಬದಲಾಯಿಸಿದರೆ ಒಬ್ಬರು ಬರೆಯುತ್ತಿದ್ದರೂ ಉಳಿದವರು ಓದುತ್ತಾ ಇರಬಹುದು. ಈ ಸೆಟ್ಟಿಂಗ್ ಒಮ್ಮೆ ಮಾಡಿದರೆ ಫೈಲಿನಲ್ಲೇ ಉಳಿಯುತ್ತದೆ. ಉಳಿದವು ಹಾಗಲ್ಲ: ಲಾಕ್ ಇದ್ದರೆ ಕಾಯುವ ಅವಧಿಯಾದ ಬಿಝಿ ಟೈಮ್‌ಔಟ್ ಅನ್ನು 5000 ಮಿಲಿಸೆಕೆಂಡಿಗೆ ಇಡುವುದು, ಎರಡು ಟೇಬಲ್ಲುಗಳ ಸಾಲುಗಳ ನಂಟು ಕಾಯುವ ಫಾರಿನ್ ಕೀ ಚಾಲೂ ಮಾಡುವುದು, ಎರಡನ್ನೂ ಪ್ರತಿ ಕನೆಕ್ಷನ್ ತೆರೆದಾಗಲೂ ಹೊಸದಾಗಿ ಹೇಳಬೇಕು. ಫಾರಿನ್ ಕೀ ಮಾಮೂಲಿಯಾಗಿ ಆಫ್ ಇರುತ್ತದೆ. ರೈತರ ಖಾತೆ ಅಳಿಸಿದರೂ ಅವರ ತೂಕದ ಚೀಟಿಗಳು ಅನಾಥವಾಗಿ ಉಳಿಯುವುದು ಇದರಿಂದಲೇ.

ಟೈಮ್‌ಔಟ್ ಇಟ್ಟ ಮೇಲೂ ಕೆಲವೊಮ್ಮೆ ಒಂದು ಕ್ಷಣವೂ ಕಾಯದೆ ಲಾಕ್ ಎರರ್ ಬರುತ್ತದೆ. ಇಲ್ಲಿ ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಸಾದಾ ಬಿಗಿನ್ ಕೊಟ್ಟರೆ ಟ್ರಾನ್ಸಾಕ್ಷನ್ (ಒಟ್ಟಿಗೇ ಮುಗಿಯಬೇಕಾದ ಕೆಲಸಗಳ ಕಟ್ಟು) ಓದುವುದರಿಂದ ಶುರುವಾಗಿ, ಅಪ್‌ಡೇಟ್ ಬಂದಾಗ ಮಾತ್ರ ಬರೆಯುವ ಹಕ್ಕು ಕೇಳುತ್ತದೆ. ಆ ನಡುವೆ ಇನ್ನೊಬ್ಬರು ಬರೆದು ಮುಗಿಸಿದ್ದರೆ ಓದಿದ ಲೆಕ್ಕ ಹಳತಾಯಿತು. ಎಷ್ಟು ಕಾದರೂ ಸರಿಹೋಗದ್ದರಿಂದ ಎಸ್‌ಕ್ಯೂಲೈಟ್ ಕಾಯದೆಯೇ ವಾಪಸ್ ಕಳಿಸುತ್ತದೆ. ದಾಸ್ತಾನು ಓದಿ, ಕಳೆದು, ಮತ್ತೆ ಬರೆಯುವಂಥ ಕೆಲಸಕ್ಕೆಲ್ಲ ಬಿಗಿನ್ ಇಮಿಡಿಯೆಟ್ ಕೊಡಿ, ಅದು ಬರೆಯುವ ಹಕ್ಕನ್ನು ಶುರುವಿನಲ್ಲೇ ಕೇಳುತ್ತದೆ. ಜ್ಯಾಂಗೋ 5.1ರಿಂದ ಇದನ್ನು ಸೆಟ್ಟಿಂಗ್ಸ್‌ನಲ್ಲೇ ಟ್ರಾನ್ಸಾಕ್ಷನ್ ಮೋಡ್ ಎಂದು ಬರೆಯಬಹುದು.

ಇನ್ನು ಸಿಂಕ್ರೊನಸ್ ಸೆಟ್ಟಿಂಗ್, ಅಂದರೆ ಬರೆದದ್ದು ಡಿಸ್ಕಿಗೆ ಮುಟ್ಟಿತೆಂದು ಎಷ್ಟು ಕಟ್ಟುನಿಟ್ಟಾಗಿ ಕಾಯಬೇಕು ಎಂಬುದು. ವಾಲ್ ಮೋಡ್ ಇದ್ದರೆ ಇದನ್ನು ನಾರ್ಮಲ್‌ಗೆ ಇಳಿಸಿ, ವೇಗ ಬರುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ವೇಗ ಬರುವುದೂ ಹೌದು, ಫೈಲು ಕೆಡುವುದೂ ಇಲ್ಲ. ಆದರೆ ಕರೆಂಟು ಹೋದರೆ ಕೊನೆಯ ಕೆಲವು ಕಮಿಟ್‌ಗಳು (ಬರೆದು ಮುಗಿಸಿದ ದಾಖಲೆಗಳು) ಮಾಯವಾಗಬಹುದು. ಚೀಟಿ ಪ್ರಿಂಟಾಗಿ ಲಾರಿ ಗೇಟು ದಾಟಿದೆ, ಆಪ್‌ನಲ್ಲಿ ಮಾತ್ರ ಆ ತೂಕವಿಲ್ಲ! ಯುಪಿಎಸ್ ಬ್ಯಾಟರಿ ಸತ್ತು ಬಿದ್ದಿರುವ ಆಫೀಸಿನಲ್ಲಿ ಈ ಪಂದ್ಯ ಕಟ್ಟುವುದು ಬೇಡ, ಫುಲ್‌ನಲ್ಲೇ ಬಿಡಿ. ಅಷ್ಟಕ್ಕೂ ನಿಧಾನ ಎಂಬ ದೂರಿನ ಮೂಲ ಬಹಳ ಸಲ ಬೇರೆ ಇರುತ್ತದೆ. ಎಕ್ಸೆಲ್‌ನಿಂದ ಹತ್ತು ಸಾವಿರ ಸಾಲು ತುಂಬುವಾಗ ಪ್ರತಿ ಸಾಲಿಗೂ ಬೇರೆ ಕಮಿಟ್ ಆದರೆ ಪ್ರತಿ ಸಲವೂ ಡಿಸ್ಕ್ ಉತ್ತರ ಕೊಡುವವರೆಗೆ ಕಾಯಬೇಕು. 7200 ಆರ್‌ಪಿಎಂ ಹಾರ್ಡ್ ಡಿಸ್ಕ್‌ನಲ್ಲಿ ಸೆಕೆಂಡಿಗೆ ಕೆಲವೇ ಡಜನ್ ಆದರೆ ಹೆಚ್ಚು. ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್ ಒಳಗೆ ಹಾಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಲೆಕ್ಕದ ವಿಷಯಕ್ಕೆ ಬಂದರೆ ಇದರ ಸಡಿಲು ಸ್ವಭಾವ ಕಾಣುತ್ತದೆ. ನಮ್ಮ ಕಡೆ ಭತ್ತದ ದರ 75 ಕೆಜಿ ಚೀಲಕ್ಕೆ. ನಿವ್ವಳ ತೂಕ 18,340 ಕೆಜಿ, ಚೀಲಕ್ಕೆ ₹1,650 ಎಂದುಕೊಳ್ಳಿ. ಮೊದಲು ಚೀಲ ಎಷ್ಟೆಂದು 18340 ಅನ್ನು 75ರಿಂದ ಭಾಗಿಸಿದರೆ ಎಸ್‌ಕ್ಯೂಲೈಟ್ 244 ಎನ್ನುತ್ತದೆ. ಎರಡೂ ಪೂರ್ಣಾಂಕವಾದರೆ ಉತ್ತರವೂ ಪೂರ್ಣಾಂಕ. ಉಳಿದ 40 ಕೆಜಿ ಸದ್ದಿಲ್ಲದೆ ಹೋಯಿತು. ಬಿಲ್ಲು ₹4,02,600 ಆಗುತ್ತದೆ, ಆಗಬೇಕಾದದ್ದು ₹4,03,480. ರೈತರ ಕೈಗೆ ₹880 ಕಡಿಮೆ. ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿಯೇ ಇಡಿ, ಆದರೆ ಮೊದಲು ಗುಣಿಸಿ ಕೊನೆಗೆ ಭಾಗಿಸಿ. ರೌಂಡ್ ಮಾಡುವುದು ಬಿಲ್ಲಿನ ಕಟ್ಟಕಡೆಯ ಸಾಲಿನಲ್ಲಿ ಮಾತ್ರ.

ಪೂರ್ಣಾಂಕದ ಕಾಲಮ್ಮಿಗೆ ಕಾಮಾ ಸಮೇತ "18,340" ಎಂದು ಕಳಿಸಿದರೂ ಅದು ತಕರಾರಿಲ್ಲದೆ ಪಠ್ಯವಾಗಿ ಇಟ್ಟುಕೊಳ್ಳುತ್ತದೆ. ವಿಂಗಡಿಸಿದರೆ ಆ ಸಾಲು ಎಲ್ಲ ಅಂಕಿಗಳಿಗಿಂತ ದೊಡ್ಡದೆಂದು ತುದಿಯಲ್ಲಿ ಕೂರುತ್ತದೆ. ಕಾಸ್ಟ್ (ಬಗೆ ಬದಲಾವಣೆ) ಮಾಡಿ ಪೂರ್ಣಾಂಕ ಕೇಳಿದರೆ 18 ಎನ್ನುತ್ತದೆ. 2021ರ ನವೆಂಬರಿನಲ್ಲಿ ಬಂದ 3.37ನೇ ಆವೃತ್ತಿಯಿಂದ ಟೇಬಲ್ ಕಟ್ಟುವಾಗ ಕೊನೆಗೆ ಸ್ಟ್ರಿಕ್ಟ್ ಎಂದು ಸೇರಿಸಿದರೆ ಇಂಥದ್ದನ್ನು ಒಳಗೇ ಬಿಡುವುದಿಲ್ಲ. ಇಷ್ಟು ಒಳ್ಳೆಯ ಸೌಲಭ್ಯವನ್ನು ನಾವೇ ನೆನಪಿಟ್ಟು ಕೇಳಬೇಕಾಗಿರುವುದು ಈ ಸಾಫ್ಟ್‌ವೇರಿನ ಮೇಲೆ ನನ್ನ ದೊಡ್ಡ ತಕರಾರು.

ದಿನಾಂಕಕ್ಕೆಂದು ಬೇರೆ ಬಗೆಯೇ ಇಲ್ಲಿಲ್ಲ. ಕರೆಂಟ್ ಟೈಮ್‌ಸ್ಟ್ಯಾಂಪ್ ಕೊಡುವುದು ಯುಟಿಸಿ ಸಮಯ, ನಮಗಿಂತ ಐದೂವರೆ ತಾಸು ಹಿಂದೆ. 12ನೇ ತಾರೀಖು ಬೆಳಗಿನ ಜಾವ 4ಕ್ಕೆ ತೂಗಿದ ಲಾರಿ 11ರ ರಾತ್ರಿ 10:30ಕ್ಕೆ ಬಂದಂತೆ ದಾಖಲಾಗುತ್ತದೆ. ರಾತ್ರಿ ಪಾಳಿಯ ಗಿರಣಿಯಲ್ಲಿ ದಿನವಹಿ ವರದಿ ತಾಳೆಯಾಗದಿದ್ದರೆ ಮೊದಲು ಇಲ್ಲಿ ನೋಡಿ. ಇಡುವಾಗ ಯುಟಿಸಿಯಲ್ಲೇ ಇಟ್ಟು, ದಿನಕ್ಕೆ ಗುಂಪು ಮಾಡುವಾಗ 5 ತಾಸು 30 ನಿಮಿಷ ಕೂಡಿಸಿ. ಲೋಕಲ್‌ಟೈಮ್ ಎಂಬ ಶಾರ್ಟ್‌ಕಟ್ ನಂಬಬೇಡಿ, ಅದು ಸರ್ವರ್ ಎಲ್ಲಿಯ ಗಡಿಯಾರ ಕಟ್ಟಿಕೊಂಡಿದೆಯೋ ಅದನ್ನೇ ಹೇಳುತ್ತದೆ.

ಬಿಲ್ ನಂಬರಿಗೆ ಟೇಬಲ್ಲಿನ ಐಡಿ ಬಳಸಬಾರದು. ಆಟೊಇನ್‌ಕ್ರಿಮೆಂಟ್ ಇಲ್ಲದ ಪ್ರೈಮರಿ ಕೀಯಲ್ಲಿ ಕೊನೆಯ ಸಾಲು ಅಳಿಸಿದರೆ ಅದೇ ನಂಬರು ಮುಂದಿನ ಬಿಲ್ಲಿಗೆ ಬರುತ್ತದೆ. ಆರ್ಥಿಕ ವರ್ಷ ಮತ್ತು ನಂಬರು ಎರಡನ್ನೂ ಸೇರಿಸಿ ಯೂನಿಕ್ ಮಾಡಿದ ಬೇರೆ ಕಾಲಮ್ ಇರಲಿ.

ಕನ್ನಡದ ಹೆಸರುಗಳಲ್ಲಿ ಬೇರೆಯದೇ ತಂಟೆ. ಕೊಪ್ಪಳದ ಮೊದಲ ಅಕ್ಷರದ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳನ್ನು ಜೋಡಿಸಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ, ಎಸ್‌ಕ್ಯೂಲೈಟ್‌ಗೆ ಬೇರೆ ಬೇರೆ ಊರು. ಒಳಗೆ ಬಿಡುವ ಮೊದಲೇ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದುಬಿಡಿ. ವಿಂಗಡಣೆಯೂ ಸಂಕೇತದ ಕ್ರಮದಲ್ಲೇ ನಡೆಯುತ್ತದೆ, ವರ್ಣಮಾಲೆಯ ಕ್ರಮದಲ್ಲಲ್ಲ. ಸಂಕೇತಗಳಲ್ಲಿ ಳಕಾರ ಸಕಾರಕ್ಕಿಂತ ಮುಂಚೆ ಕೂತಿರುವುದರಿಂದ ಬಸವಣ್ಣನವರಿಗಿಂತ ಬಳ್ಳಾರಿ ಮೊದಲು ಬರುತ್ತದೆ. ಪೈಥಾನ್‌ನಲ್ಲಾದರೆ ಸ್ವಂತ ಕೊಲೇಶನ್ (ವಿಂಗಡಣೆಯ ನಿಯಮ) ಬರೆದು ಕನೆಕ್ಷನ್ನಿಗೆ ಸೇರಿಸಬಹುದು.

ಹುಡುಕಾಟಕ್ಕೆ ಎಸ್‌ಕ್ಯೂಲೈಟ್‌ನ ಪದ ಹುಡುಕುವ ಅಂಗವಾದ ಎಫ್‌ಟಿಎಸ್5 ಹಾಕುವವರು ಇನ್ನೊಂದನ್ನು ಗಮನಿಸಿ. ಅದರ ಮಾಮೂಲಿ ಟೋಕನೈಸರ್ (ಪಠ್ಯವನ್ನು ಪದಗಳಾಗಿ ಬಿಡಿಸುವ ಭಾಗ) ಅಕ್ಷರ, ಅಂಕಿಗಳನ್ನಷ್ಟೇ ಪದದ ಭಾಗ ಎನ್ನುತ್ತದೆ. ಕಾಗುಣಿತದ ಚಿಹ್ನೆ, ಅನುಸ್ವಾರಗಳೆಲ್ಲ ಅದಕ್ಕೆ ಖಾಲಿ ಜಾಗ. 'ಗಂಗಾವತಿ' ಅದರ ಕೈಗೆ ಸಿಕ್ಕರೆ 'ಗ', 'ಗ', 'ವತ' ಎಂದು ಮೂರು ಚೂರಾಗುತ್ತದೆ. ಟೋಕನೈಸರಿನ ಕೆಟಗರಿಗಳ ಪಟ್ಟಿಗೆ ಈ ಚಿಹ್ನೆಗಳ ಯುನಿಕೋಡ್ ವರ್ಗಗಳಾದ ಎಂಎನ್, ಎಂಸಿ ಎರಡನ್ನೂ ಸೇರಿಸಿ ಇಂಡೆಕ್ಸ್ ಕಟ್ಟಿದರೆ ಪದ ಇಡಿಯಾಗಿ ಉಳಿಯುತ್ತದೆ.

ಯಾರಿಗೆ ಬೇಡ? ಎರಡು ಸರ್ವರ್ ಸೇರಿ ಒಂದೇ ಡೇಟಾ ಬಳಸುವುದಾದರೆ, ನಾಲ್ಕು ಊರಿನ ಬ್ರಾಂಚ್‌ಗಳು ಏಕಕಾಲಕ್ಕೆ ಸತತವಾಗಿ ಬರೆಯುತ್ತಿದ್ದರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸರ್ವರ್ ಹಾಕಿ. ಪ್ರತಿ ಡಿಪ್ಲಾಯ್‌ಗೂ ಡಿಸ್ಕ್ ಅಳಿಸಿಹೋಗುವ ಹೋಸ್ಟಿಂಗ್‌ನಲ್ಲೂ ಇದು ನಡೆಯದು. ಆಫೀಸಿನ ಶೇರ್ಡ್ ಫೋಲ್ಡರಿನಲ್ಲಿ ಫೈಲಿಟ್ಟು ಎರಡು ಕಂಪ್ಯೂಟರಿನಿಂದ ತೆರೆಯುವ ಉಪಾಯವನ್ನಂತೂ ಮಾಡಲೇಬೇಡಿ, ನೆಟ್‌ವರ್ಕ್ ಡ್ರೈವ್ ಮೇಲೆ ವಾಲ್ ಮೋಡ್ ಕೆಲಸವನ್ನೇ ಮಾಡುವುದಿಲ್ಲ. ಒಂದು ಯಂತ್ರದಲ್ಲಿ ಆಪ್ ಓಡಲಿ, ಉಳಿದವರು ಬ್ರೌಸರಿನಿಂದ ಬರಲಿ.

ಬ್ಯಾಕಪ್ ಎಂದರೆ ಫೈಲನ್ನು ಪೆನ್‌ಡ್ರೈವಿಗೆ ಎಳೆದು ಹಾಕುವುದಲ್ಲ. ಆಪ್ ಓಡುತ್ತಿರುವಾಗ ಹೊಸ ಬರಹವೆಲ್ಲ ಪಕ್ಕದ ವಾಲ್ ಫೈಲಿನಲ್ಲಿರಬಹುದು. ಮುಖ್ಯ ಫೈಲನ್ನಷ್ಟೇ ಒಯ್ದರೆ ಇವತ್ತಿನ ಬಿಲ್ಲುಗಳು ಇಲ್ಲೇ ಉಳಿಯುತ್ತವೆ. ವ್ಯಾಕ್ಯೂಮ್ ಇಂಟು ಎಂಬ ಆಜ್ಞೆ ಓಡುತ್ತಿರುವ ಡೇಟಾಬೇಸಿನಿಂದಲೇ ಇಡಿಯಾದ ಪ್ರತಿ ತೆಗೆದುಕೊಡುತ್ತದೆ. ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಎರರ್ ಕೊಡುತ್ತದೆ, ಹಾಗಾಗಿ ಹೆಸರಿನಲ್ಲಿ ತಾರೀಖು ಸೇರಿಸಿ. ರಾತ್ರಿ ಕ್ರಾನ್‌ನಲ್ಲಿ (ಗೊತ್ತಾದ ಹೊತ್ತಿಗೆ ತಾನೇ ಕೆಲಸ ಓಡಿಸುವ ಸೌಲಭ್ಯ) ಇದನ್ನು ಓಡಿಸಿ, ವಾರಕ್ಕೊಮ್ಮೆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಇಂಟೆಗ್ರಿಟಿ ಚೆಕ್ ಮಾಡಿ. 'ಓಕೆ' ಎಂದು ಬಂದ ಮೇಲೆ, ಬ್ಯಾಕಪ್ ತೆಗೆದ ದಿನದ ಚೀಟಿಗಳನ್ನು ಎಣಿಸಿ ವೇಬ್ರಿಜ್ ರಿಜಿಸ್ಟರಿನ ಜೊತೆ ತಾಳೆ ನೋಡಿ.