ಹಳೆಯ ಡ್ಯಾನ್ಸ್ ಬಾಕ್ಸ್ ಸೆಟ್ ಕೊಳ್ಳುವ ಮೊದಲು ಕೊನೆಯ ಹಾಡಿನ ಬಗ್ಗೆ ಕೇಳಿ

ಬ್ರಿಟನ್ನಿನ ಹಳೆಯ ಡ್ಯಾನ್ಸ್ ಮತ್ತು ಎಲೆಕ್ಟ್ರಾನಿಕ್ ಸಂಗೀತದ ಸೀಡಿಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತರಿಸುವವರು ದಯವಿಟ್ಟು ಇದನ್ನು ಓದಿ. 1990ರ ದಶಕದ ಮೊದಲ ಭಾಗದ ಬಾಕ್ಸ್ ಸೆಟ್ (ಒಂದೇ ಡಬ್ಬದಲ್ಲಿ ಹಲವು ಸೀಡಿ) ಹುಡುಕುತ್ತಿರುವವರಂತೂ ಪೂರ್ತಿ ಓದಿ. ನಾನು ವಾಪಸ್ ಕಳಿಸಿದ ಹಾಳು ಬಾಕ್ಸ್‌ಗಳು ಈಗ ಅದೇ ಫೋಟೋ, ಅದೇ ಮಾತಿನ ಜೊತೆ ಮತ್ತೆ ಮಾರಾಟಕ್ಕೆ ಬಂದಿವೆ. ಮಾರುವವನು ಭಾರತಕ್ಕೂ ಕಳಿಸುತ್ತಾನೆ.

ನಾನಿರುವುದು ಮ್ಯಾಂಚೆಸ್ಟರ್‌ನಲ್ಲಿ. ಇಲ್ಲಿನ ಹೆಸರಾಂತ ಡ್ಯಾನ್ಸ್ ಕ್ಲಬ್ ಹಸಿಯೆಂಡಾ 1997ರಲ್ಲೇ ಮುಚ್ಚಿಹೋಯಿತು. ಆದರೆ ಆ ಕಾಲದ ಸಂಗೀತ ಈ ಊರಿನ ರೆಕಾರ್ಡ್ ಅಂಗಡಿಗಳಲ್ಲಿ, ಚಾರಿಟಿ ಅಂಗಡಿಗಳ ಮೂಲೆಯ ಡಬ್ಬಗಳಲ್ಲಿ ಇನ್ನೂ ಸಿಗುತ್ತದೆ. ನನಗೆ ಜಾಸ್ತಿ ಇಷ್ಟ ಸಂಕಲನಗಳು. ಸಂಕಲನ ಅಂದರೆ ಅವರಿವರ ಹಾಡು ಸೇರಿಸಿದ ಅಗ್ಗದ ಮಾಲು ಎಂದು ಕೆಲವರು ಮೂಗು ಮುರಿಯುತ್ತಾರೆ. ಈ ಸಂಗೀತದ ಮಟ್ಟಿಗೆ ಅದು ತಪ್ಪು. ಅಮೆರಿಕದ ಡೆಟ್ರಾಯಿಟ್‌ನ ಸಂಗೀತ ಟೆಕ್ನೋ ಎಂಬ ಹೆಸರಿನಲ್ಲಿ ಯೂರೋಪಿಗೆಲ್ಲ ಗೊತ್ತಾಗಿದ್ದೇ 1988ರಲ್ಲಿ ಬ್ರಿಟನ್ನಿನಲ್ಲಿ ಬಂದ ಒಂದು ಸಂಕಲನದಿಂದ. 1992ರಲ್ಲಿ ವಾರ್ಪ್ ಕಂಪನಿ ತಂದ 'ಆರ್ಟಿಫಿಷಿಯಲ್ ಇಂಟೆಲಿಜೆನ್ಸ್' ಸಂಕಲನ ಮನೆಯಲ್ಲಿ ಕೂತು ಕೇಳುವ ಎಲೆಕ್ಟ್ರಾನಿಕ್ ಸಂಗೀತಕ್ಕೆ ಒಂದು ದಾರಿ ಮಾಡಿಕೊಟ್ಟಿತು. ಆಗಿನ ಎಷ್ಟೋ ಹಾಡುಗಳು 12 ಇಂಚಿನ ರೆಕಾರ್ಡ್‌ನಲ್ಲಿ ಸ್ವಲ್ಪವೇ ಪ್ರತಿ ಬಂದು ಮುಗಿದುಹೋದವು. ಸೀಡಿಯಲ್ಲಿ ಅವು ಬೇಕು ಅಂದರೆ ಯಾವುದೋ ಒಂದು ಸಂಕಲನವೇ ಗತಿ. ಒಂದೊಂದು ಹಾಡಿನ ಹಕ್ಕು ಒಂದೊಂದು ಕಂಪನಿಯ ಕೈಲಿರುವುದರಿಂದ ಮತ್ತೆ ಅಚ್ಚು ಹಾಕುವುದೂ ಕಷ್ಟ, ಸ್ಟ್ರೀಮಿಂಗ್‌ಗೆ ಬರುವುದೂ ಕಷ್ಟ. ಅದಕ್ಕೇ ಹಳೆಯ ಪ್ರತಿಗೆ ಇಷ್ಟು ಬೇಡಿಕೆ, ಅದಕ್ಕೇ ಇಷ್ಟು ಮೋಸ.

ನಾನು ಕೊಂಡಿದ್ದು ಒಂದು ಲಾಟ್, ಅಂದರೆ ಒಟ್ಟಿಗೆ ಮಾರುವ ಸೀಡಿಗಳ ಗುಂಪು. ರೇವ್ (ರಾತ್ರಿಯಿಡೀ ನಡೆಯುವ ಡ್ಯಾನ್ಸ್ ಪಾರ್ಟಿ) ಕಾಲದ ಎರಡು, ಮೂರು ಸೀಡಿಗಳ ಬಾಕ್ಸ್‌ಗಳು, ಆಮೇಲಿನ ವರ್ಷಗಳ ಕೆಲವು ಡಿಜೆ ಮಿಕ್ಸ್‌ಗಳು (ಹಾಡುಗಳನ್ನು ನಿಲ್ಲದಂತೆ ಒಂದಕ್ಕೊಂದು ಬೆಸೆದವು). ಬೆಲೆ 340 ಪೌಂಡ್. 'ನನ್ನದೇ ಸಂಗ್ರಹ, ಎಲ್ಲವನ್ನೂ ಹಾಕಿ ಕೇಳಿದ್ದೇನೆ, ಯಾವ ತೊಂದರೆಯೂ ಇಲ್ಲ' ಎಂದು ಮಾರುವವನು ಬರೆದಿದ್ದ. ದುಡ್ಡು ಕಳಿಸುವ ಮೊದಲು ನಾನು ನೇರವಾಗಿ ಕೇಳಿದೆ: ಯಾವುದಾದರೂ ಸೀಡಿ ಕಂದು ಬಣ್ಣಕ್ಕೆ ತಿರುಗಿದೆಯಾ? ಬಾಕ್ಸ್ ಒಳಗೆ ಫೋಮ್ ಇದೆಯಾ? ಎಲ್ಲವೂ ಅಸಲಿ ಸೀಡಿನಾ? ಎಲ್ಲಾ ಚೆನ್ನಾಗಿದೆ ಎಂದು ಉತ್ತರ ಬಂತು. ಸೀಡಿಗಳ ಕೆಳಮೈ ಫೋಟೋ ಕೇಳಿದೆ, ಕಳಿಸಿದ. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

ಪಾರ್ಸೆಲ್‌ನಲ್ಲಿ ಬಂದ ಸೀಡಿಗಳು ಫೋಟೋದಲ್ಲಿದ್ದ ಸೀಡಿಗಳಲ್ಲ. ಇದು ಹೇಗೆ ಗೊತ್ತಾಯಿತು ಅಂದರೆ, ಸೀಡಿಯ ನಡುವಿನ ತೂತಿನ ಸುತ್ತ ಒಂದು ಕಿರಿದಾದ ಉಂಗುರ ಇರುತ್ತದೆ. ಅದರಲ್ಲಿ ಸಣ್ಣ ಅಕ್ಷರ, ಸಂಖ್ಯೆಗಳು ಇರುತ್ತವೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಅಲ್ಲಿನ ಸಂಖ್ಯೆಗಳೇ ಬೇರೆ, ನನ್ನ ಕೈಯಲ್ಲಿದ್ದ ಸೀಡಿಯ ಸಂಖ್ಯೆಗಳೇ ಬೇರೆ. ಬೇರೆ ಯಾವುದೋ ಪ್ರತಿಯ ಫೋಟೋ ತೋರಿಸಿ ಮಾರಿದ್ದ.

ಬಂದ ಸೀಡಿಗಳಲ್ಲಿ ನಾಲ್ಕರ ಅಂಚು ಕಂದಾಗಿತ್ತು. ಹಿತ್ತಾಳೆ ಪಾತ್ರೆಗೆ ಕಿಲುಬು ಹಿಡಿಯುತ್ತದಲ್ಲ, ಹಾಗೆ. ಈ ರೋಗ ಸಂಗ್ರಹಕಾರರಿಗೆ ಹೊಸದಲ್ಲ. ಲ್ಯಾಂಕಷೈರ್‌ನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಪಿಡಿಒ ಎಂಬ ಸೀಡಿ ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ತಯಾರಾದ ಬಹಳಷ್ಟು ಸೀಡಿಗಳಿಗೆ ಇದು ಬಂದಿದೆ. ಸೀಡಿಯೊಳಗಿನ ಹೊಳೆಯುವ ಲೋಹದ ಪದರಕ್ಕೆ ಹಚ್ಚಿದ್ದ ಮೆರುಗೆಣ್ಣೆ, ಜೊತೆಗಿಟ್ಟ ಪುಸ್ತಿಕೆಯ ಕಾಗದದಲ್ಲಿದ್ದ ಗಂಧಕವನ್ನು ತಡೆಯಲಿಲ್ಲ. ನಿಧಾನವಾಗಿ ಲೋಹ ಕೆಟ್ಟಿತು. ಬ್ರಿಟಿಷ್ ರೇವ್ ಸಂಕಲನಗಳ ಸುಗ್ಗಿಯ ಕಾಲವೂ ಸುಮಾರಾಗಿ ಅದೇ ವರ್ಷಗಳು, ಅದೇ ದುರದೃಷ್ಟ.

ಮೋಸ ನಡೆಯುವುದು ಎಲ್ಲಿ ಅಂತ ಈಗ ಹೇಳುತ್ತೇನೆ. ಈ ಕಿಲುಬು ಹೊರಗಿನ ಅಂಚಿನಿಂದ ಶುರುವಾಗಿ ಒಳಕ್ಕೆ ಬರುತ್ತದೆ. ಸೀಡಿ ಓದುವುದು ಇದಕ್ಕೆ ಉಲ್ಟಾ, ಒಳಗಿನಿಂದ ಹೊರಕ್ಕೆ. ಹಾಗಾಗಿ ಮೊದಲ ಹಾಡು ಸೊಗಸಾಗಿ ಕೇಳುತ್ತದೆ, ನಡುವಿನದೂ ಪರವಾಗಿಲ್ಲ. ಕೊನೆಯ ಎರಡು ಮೂರು ಹಾಡು ಬರುವಾಗ ಮೊದಲು ಸುಯ್ಯೆಂಬ ಸದ್ದು, ಆಮೇಲೆ ಚಟಪಟ, ಆಮೇಲೆ ಸೀಡಿ ನಿಂತೇ ಹೋಗುತ್ತದೆ. 'ಹಾಕಿ ಕೇಳಿದ್ದೇನೆ' ಎನ್ನುವವರು ಮೊದಲ ಹಾಡಿನ ಅರ್ಧ ನಿಮಿಷ ಕೇಳಿ ಹಾಗೆ ಬರೆಯುತ್ತಾರೆ. 74 ನಿಮಿಷ ತುಂಬಿದ ಸೀಡಿಯಲ್ಲಿ ಡೇಟಾ ಅಂಚಿನವರೆಗೂ ಹೋಗಿರುತ್ತದೆ. ಡಿಜೆ ಮಿಕ್ಸ್ ಆದರಂತೂ ಈ ನಷ್ಟ ಇನ್ನೂ ದೊಡ್ಡದು. ಒಳ್ಳೆಯ ಮಿಕ್ಸ್‌ನಲ್ಲಿ ಡಿಜೆ ಒಂದು ಗಂಟೆ ನಮ್ಮನ್ನು ಕರೆದುಕೊಂಡು ಹೋಗುವುದೇ ಆ ಕೊನೆಯ ಹತ್ತು ನಿಮಿಷಕ್ಕೆ ಅಲ್ವಾ! ಅಷ್ಟೇ ಇಲ್ಲ ಅಂದರೆ ಉಳಿದದ್ದು ಯಾಕೆ ಬೇಕು?

ಇನ್ನೊಂದು ಬಾಕ್ಸ್‌ನಲ್ಲಿ ಫೋಮ್ ಕರಗಿ ಸೀಡಿಗೆ ಅಂಟಿಕೊಂಡಿತ್ತು. ಆಗಿನ ದಪ್ಪ ಬಾಕ್ಸ್‌ಗಳಲ್ಲಿ ಸೀಡಿ ಅಲ್ಲಾಡದಿರಲಿ ಎಂದು ತೆಳ್ಳನೆಯ ಫೋಮ್ ಹಾಳೆ ಇಡುತ್ತಿದ್ದರು. ವರ್ಷಗಳು ಕಳೆದಂತೆ ಅದು ಪುಡಿಯಾಗುತ್ತದೆ, ಇಲ್ಲವೇ ಅಂಟಾಗುತ್ತದೆ. ಲೇಬಲ್ ಇರುವ ಮೇಲ್ಮೈಗೆ ಅಂಟಿದರೆ ಕೆಲಸ ಕೆಟ್ಟಿತು. ಕೆಳಮೈಯಲ್ಲಿ ಒಂದು ಮಿಲಿಮೀಟರಿಗಿಂತ ದಪ್ಪ ಪ್ಲಾಸ್ಟಿಕ್ ಇರುತ್ತದೆ, ಗೀರು ಬಿದ್ದರೆ ಪಾಲಿಶ್ ಮಾಡಿಸಬಹುದು. ಮೇಲ್ಮೈಯಲ್ಲಿ ಲೋಹದ ಪದರಕ್ಕೆ ಕಾವಲಿರುವುದು ಬರೀ ಮೆರುಗೆಣ್ಣೆ ಮತ್ತು ಲೇಬಲ್‌ನ ಬಣ್ಣ. ಅದು ಕಿತ್ತುಬಂದರೆ ಹಾಡೂ ಜೊತೆಗೇ ಹೋಯಿತು. ಎಲ್ಲರೂ ಕೆಳಮೈಯ ಗೀರನ್ನೇ ಹುಡುಕುತ್ತಾರೆ. ಮೇಲ್ಮೈಯನ್ನೂ ನೋಡಿ, ಸೀಡಿಯನ್ನು ದೀಪಕ್ಕೆ ಹಿಡಿದು ಸೂಜಿ ತೂತಿನಂಥ ಬೆಳಕು ಕಾಣುತ್ತದಾ ಎಂದೂ ನೋಡಿ. ಈಗ ನಿಮ್ಮ ಮನೆಯಲ್ಲಿರುವ ದಪ್ಪ ಬಾಕ್ಸ್‌ಗಳಲ್ಲೂ ಫೋಮ್ ಇದ್ದರೆ ಇವತ್ತೇ ತೆಗೆದು ಬಿಸಾಡಿ.

ಮಿಕ್ಸ್‌ಗಳ ಪೈಕಿ ಒಂದು ಅಸಲಿಯೇ ಅಲ್ಲ. ಮನೆಯಲ್ಲಿ ಬರ್ನ್ ಮಾಡಿದ ಸೀಡಿ. ಕೆಳಮೈ ಹಸಿರು-ನೀಲಿ, ಮೇಲೆ ಅಂಟಿಸಿದ ಲೇಬಲ್, ನಡುವಿನ ಉಂಗುರದಲ್ಲಿ ಆ ಸಂಕಲನದ ಸಂಖ್ಯೆಯೇ ಇಲ್ಲ. ಇದು ಸುಲಭವಾಗಿ ಗೊತ್ತಾಗುವ ನಕಲಿ. 1990ರ ದಶಕದಲ್ಲಿ ಪೂರ್ವ ಯೂರೋಪಿನಲ್ಲಿ ಕಾರ್ಖಾನೆಗಳಲ್ಲೇ ಅಚ್ಚಾದ ನಕಲಿಗಳೂ ಇವೆ. ಅವು ನೋಡಲು ಅಸಲಿಯ ಹಾಗೇ ಇರುತ್ತವೆ. ಅಂಥವನ್ನು ಪತ್ತೆ ಮಾಡಲು ಉಂಗುರದಲ್ಲಿ ಐಎಫ್‌ಪಿಐ (IFPI) ಎಂಬ ಅಕ್ಷರಗಳಿವೆಯಾ ನೋಡಿ. ಯಾವ ಕಾರ್ಖಾನೆಯ ಸೀಡಿ ಎಂದು ತಿಳಿಯಲು ಈ ಗುರುತು 1994ರಿಂದ ಬಂತು. 1990ರ ದಶಕದ ಕೊನೆಯಲ್ಲಿ ದೊಡ್ಡ ಕಂಪನಿ ತಂದ ಮಿಕ್ಸ್‌ನಲ್ಲಿ ಅದು ಇಲ್ಲದಿದ್ದರೆ ಅನುಮಾನ ಪಡಿ. 1991ರ ಮೊದಲ ಮುದ್ರಣ ಎಂದು ಮಾರುವ ಸೀಡಿಯಲ್ಲಿ ಅದು ಇದ್ದರೆ ಆ ಪ್ರತಿ ಆಮೇಲೆ ಅಚ್ಚಾದದ್ದು, ಮೊದಲ ಮುದ್ರಣದ ಬೆಲೆ ಕೊಡಬೇಡಿ.

ದೂರು ಕೊಟ್ಟಾಗ ಅವನು ಮೊದಲು ಹೇಳಿದ್ದು ನನ್ನ ಪ್ಲೇಯರ್ ಸರಿಯಿಲ್ಲ ಎಂದು. ಆಮೇಲೆ 20 ಪೌಂಡ್ ಕೊಡುತ್ತೇನೆ, ಸುಮ್ನೆ ಬಿಡಿ ಎಂದ. ನನ್ನ ಕೈ ಹಿಡಿದದ್ದು ಸೀಡಿಯನ್ನು ರಿಪ್ ಮಾಡಿದ (ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡ) ದಾಖಲೆ. ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ಉಚಿತ ಸಾಫ್ಟ್‌ವೇರ್ ಸೀಡಿಯನ್ನು ಓದುವಾಗ ಯಾವ ಹಾಡಿನಲ್ಲಿ ಎಲ್ಲಿ ದೋಷ ಎಂದು ಬರೆದಿಡುತ್ತದೆ. ಬೇರೆಯವರು ರಿಪ್ ಮಾಡಿದ್ದರ ಜೊತೆ ಹೋಲಿಸಿಯೂ ನೋಡುತ್ತದೆ. ಆ ದಾಖಲೆ, ಉಂಗುರದ ಫೋಟೋ, ಅವನು ಕಳಿಸಿದ್ದ ಫೋಟೋ, ಮೂರನ್ನೂ ಪಕ್ಕಪಕ್ಕ ಇಟ್ಟು ಕಳಿಸಿದ ಮೇಲೆ ದುಡ್ಡು ಬಂತು. ಆದರೆ ಇಡೀ ಲಾಟ್ ವಾಪಸ್ ಕೊಡಬೇಕಾಯಿತು. ಅದರಲ್ಲಿ ಚೆನ್ನಾಗಿದ್ದ, ನಾನು ವರ್ಷಗಳಿಂದ ಹುಡುಕುತ್ತಿದ್ದ ಬಾಕ್ಸ್ ಒಂದಿತ್ತು. ಅದೂ ಹೋಯಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬ್ರಿಟನ್ನಿನಲ್ಲಿರುವವರಿಗೆ ಒಂದು ಮಾತು. ವ್ಯಾಪಾರಿಯಿಂದ ಕೊಂಡರೆ 2015ರ ಗ್ರಾಹಕ ಹಕ್ಕು ಕಾಯ್ದೆಯಂತೆ ದೋಷವಿರುವ ವಸ್ತುವನ್ನು 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು. ಖಾಸಗಿಯಾಗಿ ಮಾರುವವರ ಮೇಲೆ ನಿಮಗಿರುವ ಹಕ್ಕು ಕಡಿಮೆ, ವಸ್ತು ಅವರು ವರ್ಣಿಸಿದಂತೆ ಇರಲೇಬೇಕು ಎಂಬುದು ಮುಖ್ಯ. ಅದಕ್ಕೇ ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಫೋನ್‌ನಲ್ಲಿ ಮಾತಾಡಿ ಮುಗಿಸಬೇಡಿ. ಬೆಂಗಳೂರಿಗೋ ಮೈಸೂರಿಗೋ ತರಿಸುವವರ ಕಷ್ಟ ಇನ್ನೂ ಜಾಸ್ತಿ. ಭಾರದ ಬಾಕ್ಸ್ ವಾಪಸ್ ಕಳಿಸುವ ಅಂಚೆ ಖರ್ಚಿಗೇ ಹೆದರಿ ಎಷ್ಟೋ ಜನ ಸುಮ್ಮನಾಗುತ್ತಾರೆ. ಇಂಥ ಮಾರಾಟಗಾರರು ನಂಬಿಕೊಂಡಿರುವುದೂ ಅದನ್ನೇ.

ದುಡ್ಡು ಕೊಡುವ ಮೊದಲು ನಾನೀಗ ಕಳಿಸುವ ಸಂದೇಶ ಇದು, ಬೇಕಾದರೆ ಹಾಗೇ ಬಳಸಿ: 'ಪ್ರತಿ ಸೀಡಿಯ ಎರಡೂ ಮೈ, ಜೊತೆಗೆ ನಡುವಿನ ಉಂಗುರದ ಅಕ್ಷರಗಳು ಓದಲು ಬರುವಂತೆ ಫೋಟೋ ಕಳಿಸಿ. ಪಕ್ಕದಲ್ಲಿ ಇವತ್ತಿನ ತಾರೀಖು, ನನ್ನ ಹೆಸರು ಬರೆದ ಚೀಟಿ ಇರಲಿ. ಪ್ರತಿ ಸೀಡಿಯ ಕೊನೆಯ ಹಾಡನ್ನು ಕೊನೆಯವರೆಗೂ ಕೇಳಿ, ಸದ್ದು ಹೇಗಿದೆ ಎಂದು ಬರೆಯಿರಿ.' ಇಷ್ಟು ಮಾಡಲು ಒಪ್ಪದವರ ಹತ್ತಿರ, ಬೆಲೆ ಎಷ್ಟೇ ಕಡಿಮೆಯಿದ್ದರೂ ನಾನು ಕೊಳ್ಳುವುದಿಲ್ಲ.